ಸಾಲ್ಮನ್ ಮರಿಗಳು ಸೀದಾ ಸಮುದ್ರಕ್ಕೆ ಹೋಗದೆ ಅಳಿವೆಯಲ್ಲಿ ಯಾಕೆ ನಿಲ್ಲುತ್ತವೆ?

ಹೊಟ್ಟೆಗಾಗಿ, ಮತ್ತು ಉಪ್ಪುನೀರಿಗೆ ಮೈ ಒಗ್ಗಿಸಿಕೊಳ್ಳಲು. ಅಮೆರಿಕದ ವಾಷಿಂಗ್ಟನ್ ರಾಜ್ಯದ ನಿಸ್ಕ್ವಾಲಿ ನದಿಯನ್ನೇ ನೋಡಿ. ಬೆರಳುದ್ದವೂ ಇಲ್ಲದ ಚಿನೂಕ್ ಜಾತಿಯ ಸಾಲ್ಮನ್ ಮರಿಗಳು ಉಬ್ಬರ ಬಂದಾಗ ಜೌಗಿನ ಸಣ್ಣ ಕಾಲುವೆಗಳಿಗೆ ನುಗ್ಗುತ್ತವೆ. ಹುಲ್ಲಿನಿಂದ ಉದುರಿದ ಹುಳ, ಕೆಸರಲ್ಲಿರುವ ಪುಟ್ಟ ಸಿಗಡಿಯಂಥ ಜೀವಿಗಳನ್ನು ತಿನ್ನುತ್ತವೆ. ಇಳಿತಕ್ಕೆ ನೀರಿನ ಜೊತೆಗೇ ವಾಪಸ್. ಕೆಲವು ಹೀಗೆ ವಾರಗಟ್ಟಲೆ ಇರುತ್ತವೆ.

ಈ ನಡುವೆ ಕಿವಿರುಗಳ ಕೆಲಸವೇ ತಿರುವುಮುರುವಾಗುತ್ತದೆ. ಸಿಹಿನೀರಲ್ಲಿ ಉಪ್ಪು ಹೀರುತ್ತಿದ್ದವು ಈಗ ಹೆಚ್ಚಾದ ಉಪ್ಪನ್ನು ಹೊರಹಾಕುತ್ತವೆ. ಮೈಮೇಲಿನ ಕಪ್ಪು ಪಟ್ಟೆ ಮಾಸಿ ಬೆಳ್ಳಿ ಬಣ್ಣ ಬರುತ್ತದೆ.

ಇಲ್ಲಿ ಚೆನ್ನಾಗಿ ಬೆಳೆದರೆ ಸಮುದ್ರದಲ್ಲಿ ಬದುಕುಳಿಯುವ ಸಾಧ್ಯತೆ ಜಾಸ್ತಿ. 2009ರಲ್ಲಿ ನಿಸ್ಕ್ವಾಲಿ ಅಳಿವೆಯಲ್ಲಿ ಉಬ್ಬರವನ್ನು ತಡೆದಿದ್ದ ಹಳೆಯ ಒಡ್ಡು ತೆಗೆದು ಸುಮಾರು 760 ಎಕರೆಗೆ ಮತ್ತೆ ಉಬ್ಬರದ ನೀರು ಬಿಟ್ಟರು. ನನಗಂತೂ ಅದು ತುಂಬಾ ದೊಡ್ಡ ಕೆಲಸ ಅನ್ನಿಸುತ್ತದೆ.