ಭಯ ಹುಟ್ಟಿಸಿದರೆ ಕೆಲಸ ಆಗುತ್ತದೆಯೇ?

ಓದುಗರ ಪತ್ರ: ನಾನು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಭಾವ ಸರ್ಕಾರಿ ನೌಕರ. ಅವರು ಐದೂವರೆಗೆಲ್ಲ ಮನೆಯಲ್ಲಿರುತ್ತಾರೆ, ನಾನು ಲ್ಯಾಪ್‌ಟಾಪ್ ಮುಚ್ಚುವಾಗ ರಾತ್ರಿ ಹತ್ತಾಗಿರುತ್ತದೆ. ನನಗೆ ಮೂರು ತಿಂಗಳಿಗೊಮ್ಮೆ ಟಾರ್ಗೆಟ್, ಅವರಿಗೆ ಕೂತಲ್ಲೇ ಬಡ್ತಿ. ಕೆಲಸ ಹೋಗುತ್ತದೆ ಎಂಬ ಭಯ ಇದ್ದರೆ ತಾನೆ ಮನುಷ್ಯ ದುಡಿಯೋದು? ಆ ಭಯವನ್ನು ಸರ್ಕಾರಿ ಕಚೇರಿಗೂ ತಂದರೆ ಎಲ್ಲ ಸರಿಹೋಗುತ್ತದೆ ಅಲ್ವಾ?

ಸಂಪಾದಕರ ಉತ್ತರ: ಸುತ್ತಿ ಬಳಸದೆ ಹೊಟ್ಟೆಯೊಳಗಿದ್ದದ್ದನ್ನು ಹಾಗೇ ಬರೆದಿದ್ದೀರಿ. ಅಂಥ ಪತ್ರ ಬರುವುದು ಅಪರೂಪ, ಅದಕ್ಕೇ ಆರಿಸಿಕೊಂಡೆ. ಮೊದಲು ನಿಮ್ಮ ಪಾಲಿನ ನ್ಯಾಯ ಕೊಟ್ಟುಬಿಡುತ್ತೇನೆ. ರಾತ್ರಿ ಹತ್ತರವರೆಗೆ ದುಡಿಯುವುದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದದ್ದರಿಂದ ಪಾರ್ಶ್ವವಾಯು, ಹೃದ್ರೋಗ ಬಂದು 2016 ಒಂದೇ ವರ್ಷದಲ್ಲಿ ಸುಮಾರು 7,45,000 ಜನ ಸತ್ತಿದ್ದಾರಂತೆ. ಹುಷಾರಾಗಿರಿ. ಇಲ್ಲಿಗೆ ನಿಮ್ಮ ಪರವಾದ ವಾದ ಮುಗಿಯಿತು.

ಭಾವ ಮನೆಗೆ ಬರುವ ಹೊತ್ತು ನಿಮಗೆ ಗೊತ್ತು. ಅವರ ಮೇಜಿನ ಮುಂದೆ ದಿನಕ್ಕೆ ಎಷ್ಟು ಜನ ಬಂದು ನಿಲ್ಲುತ್ತಾರೆ ಅಂತ ಯಾವತ್ತಾದರೂ ಕೇಳಿದ್ದೀರಾ? ಲಾಭ ತರದ ಗಿರಾಕಿಯನ್ನು ಕಂಪನಿ ನಯವಾಗಿ ಸಾಗಹಾಕಬಹುದು. ಸರ್ಕಾರಿ ಕೌಂಟರ್‌ಗೆ ಆ ಅನುಕೂಲ ಇಲ್ಲ. ಓದು ಬಾರದವರು, ಅರ್ಧ ಕಾಗದ ಮಾತ್ರ ತಂದವರು, ಇನ್ನೆಲ್ಲೋ ಆದ ಅವಮಾನದ ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳುವವರು, ಎಲ್ಲರಿಗೂ ಉತ್ತರ ಹೇಳಬೇಕು. ಪಕ್ಕದ ಕುರ್ಚಿಯವರು ನಿವೃತ್ತರಾಗಿ ಹುದ್ದೆ ಖಾಲಿ ಬಿದ್ದರೆ ಸಾಲೇನೂ ಚಿಕ್ಕದಾಗುವುದಿಲ್ಲ, ಅವರ ಫೈಲುಗಳೂ ಈ ಮೇಜಿಗೆ ಬರುತ್ತವೆ ಅಷ್ಟೇ. ಇನ್ನು ಭಯದ ಮಾತು. ಇವತ್ತು ಹಾಕಿದ ಸಹಿಗೆ ಎಷ್ಟೋ ವರ್ಷ ಕಳೆದ ಮೇಲೆ ಆಡಿಟ್‌ನವರು ವಿವರಣೆ ಕೇಳಬಹುದು. ಫೈಲು ಆಮೆ ನಡಿಗೆಯಲ್ಲಿ ಸಾಗುವುದಕ್ಕೆ ಸೋಮಾರಿತನಕ್ಕಿಂತ ಈ ಭಯವೇ ಜಾಸ್ತಿ ಕಾರಣ ಅಂತ ನನಗನಿಸುತ್ತದೆ.

ಒಮ್ಮೆ ಪಿಂಚಣಿ ಕೌಂಟರೊಂದರ ಎದುರು ಕಾಯುತ್ತಿದ್ದೆ. ನನ್ನ ಮುಂದಿದ್ದ ಅಜ್ಜಿಯ ಗಂಡನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇತ್ತು. 'ಸರಿಮಾಡಿಸ್ಕೊಂಡು ಬನ್ನಿ' ಅಂದು ವಾಪಸ್ ಕಳಿಸಿದ್ದರೆ ಅಲ್ಲಿದ್ದ ಹೆಣ್ಣುಮಗಳಿಗೆ ಅರ್ಧ ನಿಮಿಷದ ಕೆಲಸ. ಆಕೆ ಬಿಳಿ ಹಾಳೆ ಎಳೆದುಕೊಂಡು, ಅಫಿಡವಿಟ್‌ನಲ್ಲಿ ಏನೇನು ಇರಬೇಕು ಅಂತ ತಾವೇ ಬರೆದುಕೊಟ್ಟರು. ಅಜ್ಜಿಗೆ ಕಿವಿ ಮಂದ, ಹಾಗಾಗಿ ಎಲ್ಲವನ್ನೂ ಜೋರಾಗಿ ಎರಡೆರಡು ಸಲ ಹೇಳಿದರು. ನನ್ನ ಹಿಂದೆ ನಿಂತವರೊಬ್ಬರು 'ಇವ್ರಿಗೆ ಬರೀ ಮಾತು, ಕೆಲ್ಸ ಇಲ್ಲ' ಅಂತ ಗೊಣಗುತ್ತಿದ್ದರು. ಆ ಹೊತ್ತಿನ ದುಡಿಮೆ ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ.

ಕೆಲಸ ಭದ್ರ ಇದ್ದ ಮಾತ್ರಕ್ಕೆ ಜೀವ ಆರಾಮ ಅಂತಲೂ ಅಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ತೀರ ಕೆಳದರ್ಜೆಯ ಗಂಡಸರ ಸಾವಿನ ಪ್ರಮಾಣ ಮೇಲಿನ ದರ್ಜೆಯವರ ಮೂರರಷ್ಟಿತ್ತು. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ಸಂಶೋಧಕ ಮೈಕೆಲ್ ಮಾರ್ಮಟ್ ಮತ್ತವರ ತಂಡ ಕಂಡದ್ದು, ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹೃದ್ರೋಗ ಜಾಸ್ತಿ ಅಂತ. ಎಲ್ಲರದ್ದೂ ಸರ್ಕಾರಿ ಕೆಲಸವೇ, ನೋಡಿ.

ಈಗ ನಿಮ್ಮ ಔಷಧಕ್ಕೆ ಬರೋಣ. ಕೆಲಸ ಹೋಗುವ ಭಯ ಸರ್ಕಾರಿ ಕಚೇರಿಗೆ ಹೊಸದಲ್ಲ ಸ್ವಾಮಿ. 19ನೇ ಶತಮಾನದ ಅಮೆರಿಕದಲ್ಲಿ ಅದು ಧಾರಾಳವಾಗಿತ್ತು. ಹೊಸ ಪಕ್ಷ ಗೆದ್ದರೆ ಅಂಚೆ ಕಚೇರಿಯವರೂ ಮನೆಗೆ, ಅವರ ಜಾಗಕ್ಕೆ ಗೆದ್ದವರ ಕಡೆಯವರು. ಅದರಿಂದ ಯಾರೂ ಜಾಸ್ತಿ ದುಡಿಯಲಿಲ್ಲ, ಪಕ್ಷಕ್ಕೆ ಸಂಬಳದಲ್ಲಿ ಪಾಲು ಕೊಡುವುದನ್ನು ಕಲಿತರು. 1881ರಲ್ಲಿ ಹುದ್ದೆ ಸಿಗದ ಸಿಟ್ಟಿಗೆ ಒಬ್ಬಾತ ದೇಶದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೇ ಗುಂಡು ಹೊಡೆದ, ಅಧ್ಯಕ್ಷರು ತೀರಿಕೊಂಡರು. ಆಮೇಲೆ 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು. ಪರೀಕ್ಷೆ ಬರೆದು ಸೇರಿದವರನ್ನು ರಾಜಕೀಯ ಕಾರಣಕ್ಕೆ ತೆಗೆಯುವಂತಿಲ್ಲ ಅಂತಾಯಿತು. ನೀವು ಆರಾಮ ಅಂದುಕೊಂಡಿರುವ ಭದ್ರತೆಯ ಹಿಂದೆ ಇಷ್ಟೆಲ್ಲ ಇದೆ.

ಭಯ ಏನು ಮಾಡಿಸುತ್ತದೆ ಅಂತ ನಾನೂ ನೋಡಿದ್ದೇನೆ. ಪತ್ರಿಕೆಗೆ ಬರುವ ಮುಂಚೆ ಒಂದು ಖಾಸಗಿ ಸಂಸ್ಥೆಯಲ್ಲಿದ್ದೆ. ಸಾಹೇಬರು ಎದ್ದು ಹೋಗುವವರೆಗೆ ಅಲ್ಲಿ ಯಾರೂ ಏಳುತ್ತಿರಲಿಲ್ಲ. ಮಧ್ಯಾಹ್ನವೇ ಮುಗಿದ ವರದಿಯನ್ನು ರಾತ್ರಿ ಒಂಬತ್ತಕ್ಕೆ ಇ-ಮೇಲ್ ಮಾಡುತ್ತಿದ್ದವರಿದ್ದರು, ಕಳಿಸಿದ ಹೊತ್ತು ಕಾಣಲಿ ಅಂತ! ನೀವು ರಾತ್ರಿ ಹತ್ತರವರೆಗೆ ಕೂರುವುದರಲ್ಲಿ ಇಂಥ ಹೊತ್ತು ಎಷ್ಟು? ಸುಮ್ನೆ ಕೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ಮನಸ್ಸಿಟ್ಟು ದುಡಿಯುವುದಕ್ಕೆ ಬೇರೆಯದೇ ಬೇಕು. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುತ್ತಿದ್ದವರನ್ನು ಆಡಂ ಗ್ರಾಂಟ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪರೀಕ್ಷೆಗೆ ಒಡ್ಡಿದರು. ಅದು 2007ರಲ್ಲಿ ಪ್ರಕಟವಾಯಿತು. ಆ ಹಣದಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯ ಜೊತೆ ಅವರಲ್ಲಿ ಕೆಲವರನ್ನು ಕೆಲವೇ ನಿಮಿಷ ಮಾತಾಡಿಸಿದರು. ಸಂಬಳ ಏರಲಿಲ್ಲ, ಯಾರೂ ಹೆದರಿಸಲಿಲ್ಲ. ತಿಂಗಳಾದ ಮೇಲೆ ಅವರು ಫೋನಿನಲ್ಲಿ ಕಳೆಯುತ್ತಿದ್ದ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು.

ಸರ್ಕಾರಿ ಕಚೇರಿಯಲ್ಲಿ ಕಳ್ಳಬೀಳುವವರು ಇಲ್ಲವೇ? ಇದ್ದಾರೆ, ಬೇಕಾದಷ್ಟು. ಆದರೆ ಅವರ ಪಾಲಿನದನ್ನು ಯಾರು ಮಾಡುತ್ತಾರೆ ಅಂತ ನೋಡಿ. ಚೆನ್ನಾಗಿ ಕೆಲಸ ಮಾಡುವವರಿಗೆ ಸಿಗುವ ಬಹುಮಾನ ಇನ್ನೂ ನಾಲ್ಕು ಫೈಲು, ಇಬ್ಬರಿಗೂ ಇನ್‌ಕ್ರಿಮೆಂಟ್ ಒಂದೇ. ಕೋಪ ಬರಬೇಕಾದದ್ದು ಇದಕ್ಕೆ.

ಇದಕ್ಕೆ ಮದ್ದು ಅಂತ ಈಗ ಎಲ್ಲ ಕಡೆ ಎಣಿಕೆ ಶುರುವಾಗಿದೆ. ಮೇಷ್ಟ್ರು ಪಾಠ ನಿಲ್ಲಿಸಿ ಫಾರ್ಮ್ ತುಂಬುತ್ತಾರೆ, ನರ್ಸು ರೋಗಿಯ ಮುಖ ಬಿಟ್ಟು ಪರದೆ ನೋಡುತ್ತಾರೆ, ಎಲ್ಲೋ ಕೂತ ಯಾರೋ ಅದನ್ನೆಲ್ಲ ಕೂಡಿಸಿ ಬಣ್ಣಬಣ್ಣದ ನಕ್ಷೆ ಮಾಡಿ ಮೀಟಿಂಗಿನಲ್ಲಿ ತೋರಿಸುತ್ತಾರೆ. ಆ ಮೀಟಿಂಗ್ ಮುಗಿಯುವುದರೊಳಗೆ ಮಾಡಬಹುದಾಗಿದ್ದ ಕೆಲಸ ಎಷ್ಟು ಅಂತ ಮಾತ್ರ ಯಾರೂ ಎಣಿಸುವುದಿಲ್ಲ. ನಮ್ಮಲ್ಲೂ ಅದೇ ಕಥೆ. ಈ ಉತ್ತರವನ್ನು ಎಷ್ಟು ಜನ ಓದಿದರು, ಯಾವ ಸಾಲಿಗೆ ಬಂದು ಬಿಟ್ಟುಹೋದರು ಎಂಬ ಪಟ್ಟಿ ಸೋಮವಾರ ಬೆಳಿಗ್ಗೆ ನನ್ನ ಮೇಜಿಗೆ ಬರುತ್ತದೆ.