ಅಲೋನ್ ಬೇರೆ, ಲೋನ್ಲಿ ಬೇರೆ

ಪ್ರಶ್ನೆ: ‘ಮೈ ಗ್ರ್ಯಾಂಡ್‌ಮದರ್ ಈಸ್ ಆ್ಯನ್ ಅಲೋನ್ ವುಮನ್’ ಎಂದು ಮಗಳು ಪ್ರಬಂಧದಲ್ಲಿ ಬರೆದಿದ್ದಳು. ಟೀಚರ್ ‘ಅಲೋನ್’ ಹೊಡೆದು ‘ಲೋನ್ಲಿ’ ಮಾಡಿದ್ದಾರೆ. ಎರಡಕ್ಕೂ ಒಂಟಿ ಎಂದೇ ಅರ್ಥವಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಟೀಚರ್ ತಿದ್ದಿದ ಮೇಲೆ ವ್ಯಾಕರಣ ಸರಿಹೋಯಿತು, ಅಜ್ಜಿ ಬದಲಾದರು. (‘ಆ್ಯನ್’ ಕೂಡ ‘ಎ’ ಆಗಬೇಕಿತ್ತು.) ‘ಅಲೋನ್’ ಎಂದರೆ ಜೊತೆಗೆ ಯಾರೂ ಇಲ್ಲ, ಅಷ್ಟೆ. ‘ಲೋನ್ಲಿ’ ಎಂದರೆ ಜೊತೆಯಿಲ್ಲ ಎಂಬ ಕೊರಗು. ಮನೆ ತುಂಬ ಜನರಿದ್ದರೂ ಒಬ್ಬರು ‘ಲೋನ್ಲಿ’ ಆಗಿರಬಹುದು. ಮಗಳ ಅಜ್ಜಿ ತಮ್ಮ ಪಾಡಿಗೆ ಆರಾಮಾಗಿ ಇರುವವರಾದರೆ ‘ಮೈ ಗ್ರ್ಯಾಂಡ್‌ಮದರ್ ಲಿವ್ಸ್ ಅಲೋನ್’ ಎಂದು ಬರೆಸಿ.

‘ಅಲೋನ್’ ಹುಟ್ಟಿದ್ದು ‘ಆಲ್’, ‘ಒನ್’ ಕೂಡಿ. ಅದು ‘ಅಸ್ಲೀಪ್’, ‘ಅಫ್ರೇಡ್’ ಜಾತಿಯ ಪದ. ಸಾಮಾನ್ಯವಾಗಿ ಕ್ರಿಯಾಪದದ ನಂತರ ಕೂರುತ್ತದೆ, ನಾಮಪದಕ್ಕೆ ಮೊದಲು ಬರುವುದಿಲ್ಲ. ಮಗಳು ಎಡವಿದ್ದು ಇಲ್ಲೇ. ‘ಲೋನ್ಲಿ’ಯಲ್ಲಿ ಎಡವುವುದು ಬೇರೆ ಕಡೆ. ಕೊನೆಯ ‘ಲಿ’ ನೋಡಿ ‘ಸ್ಲೋಲಿ’ಯಂಥ ಕ್ರಿಯಾವಿಶೇಷಣವೆಂದುಕೊಂಡು ‘ಐ ವೆಂಟ್ ಲೋನ್ಲಿ’ ಎನ್ನುವವರಿದ್ದಾರೆ. ಅದು ‘ಫ್ರೆಂಡ್ಲಿ’ಯಂತೆ ಗುಣವಾಚಕ, ಒಬ್ಬನೇ ಹೋದೆ ಎನ್ನಲು ‘ಐ ವೆಂಟ್ ಅಲೋನ್’ ಎಂದೇ ಹೇಳಬೇಕು.

ನಮ್ಮ ಒಂಟಿ ಸಲಗ ಇಂಗ್ಲಿಷಿನಲ್ಲಿ ‘ಲೋನ್ ಟಸ್ಕರ್’. ‘ಲೋನ್ಲಿ’ ಎಂದರೆ ಸುಮ್ಮನೆ ಹೋಗುತ್ತಿದ್ದ ಆನೆಗೆ ನಾವೇ ಬೇಸರ ಹಚ್ಚಿದಂತೆ! ರಸ್ತೆಗೆ ‘ಲೋನ್ಲಿ’ ಸೇರಿದರೆ ಮಾತ್ರ ಜನಸಂಚಾರವಿಲ್ಲದ ರಸ್ತೆ ಎಂದರ್ಥ.

ವೈದ್ಯರೂ ಈ ವ್ಯತ್ಯಾಸ ಕಾಯ್ದುಕೊಳ್ಳುತ್ತಾರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯಕ್ಕೆ ಸರ್ಕಾರದ ಮುಖ್ಯ ವೈದ್ಯ) ಆಗಿದ್ದಾಗ, 2023ರಲ್ಲಿ ಹೊರಡಿಸಿದ ವರದಿಯ ಶೀರ್ಷಿಕೆಯಲ್ಲೇ ‘ಲೋನ್ಲಿನೆಸ್’, ‘ಐಸೊಲೇಷನ್’ ಎರಡೂ ಇವೆ. ಮೊದಲನೆಯದು ಮನಸ್ಸಿಗೆ ಅನಿಸುವುದು; ಎರಡನೆಯದು ಒಡನಾಟ ನಿಜಕ್ಕೂ ಕಡಿಮೆಯಿರುವುದು.

ಪ್ರಶ್ನೆ: ‘ನನಗೆ ಏಕಾಂತ ಇಷ್ಟ’ ಎಂಬುದನ್ನು ‘ಐ ಲೈಕ್ ಲೋನ್ಲಿನೆಸ್’ ಎನ್ನಬಹುದೇ?
– ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಬೇಡ, ಕೇಳಿದವರು ಗಾಬರಿಯಾದಾರು. ಬರವಣಿಗೆಗೆ ‘ಸಾಲಿಟ್ಯೂಡ್’ ಒಪ್ಪುತ್ತದೆ. ಮಾತಿನಲ್ಲಿ ಅದು ತೀರಾ ಗ್ರಾಂಥಿಕ. ‘ಐ ಲೈಕ್ ಬೀಯಿಂಗ್ ಅಲೋನ್’ ಸಾಕು. ‘ಸಾಲಿಟ್ಯೂಡ್’ನ ನೆಂಟ ‘ಸಾಲಿಟರಿ’ಯನ್ನು ನೋಡಿ ಬಳಸಿ: ‘ಸಾಲಿಟರಿ ವಾಕ್’ ಹಿತವಾದದ್ದು, ‘ಸಾಲಿಟರಿ ಕನ್‌ಫೈನ್‌ಮೆಂಟ್’ ಜೈಲಿನ ಒಂಟಿ ಸೆರೆ. ‘ಲೋನ್ಸಮ್’ ಎಂಬುದೂ ಒಂದಿದೆ. ಅದು ‘ಲೋನ್ಲಿ’ಯೇ, ಬಳಕೆ ಹೆಚ್ಚು ಅಮೆರಿಕದಲ್ಲಿ. ಪರೀಕ್ಷೆಯ ಉತ್ತರಕ್ಕೆ ಅದು ಬೇಕಿಲ್ಲ.