5 ಮಿಲಿಮೀಟರ್‌ದೇ ತಗೊಳ್ಳಿ

ಬೆಳಕಿನ ಅಲೆ ಎಲ್ಲಿ ಎಷ್ಟು ಓರೆಯಾಗಿದೆ ಎಂದು ಅಳೆಯುವ ಶ್ಯಾಕ್-ಹಾರ್ಟ್‌ಮನ್ ಸೆನ್ಸರ್ ಕಟ್ಟಲು ಯಾವ ಮೈಕ್ರೋಲೆನ್ಸ್ ಅರೇ (ಪುಟ್ಟ ಲೆನ್ಸುಗಳನ್ನು ಸಾಲಾಗಿ ಜೋಡಿಸಿದ ಹಲಗೆ) ಒಳ್ಳೆಯದು, 5 ಮಿಲಿಮೀಟರ್ ಫೋಕಲ್ ಲೆಂತ್‌ನದೋ (ಲೆನ್ಸಿನಿಂದ ಬೆಳಕು ಚುಕ್ಕೆಯಾಗಿ ಕೂಡುವ ಜಾಗದವರೆಗಿನ ದೂರ) 15ರದೋ ಎಂದು ಕೇಳಿದ್ದೀರಿ. ಮೊದಲ ಸಲ ಕಟ್ಟುವವರಿಗೆ 5ರದೇ ಸರಿ.

ಪ್ರತಿ ಪುಟ್ಟ ಲೆನ್ಸೂ ಕ್ಯಾಮೆರಾ ಮೇಲೆ ಒಂದು ಚುಕ್ಕೆ ಮೂಡಿಸುತ್ತದೆ. ಅಲ್ಲಿ ಬೆಳಕಿನ ಅಲೆ ಓರೆಯಾಗಿದ್ದರೆ ಚುಕ್ಕೆ ಸರಿಯುತ್ತದೆ. ಓರೆಯನ್ನು ಫೋಕಲ್ ಲೆಂತ್‌ನಿಂದ ಗುಣಿಸಿದರೆ ಸರಿದ ದೂರ. 1 ಮಿಲಿರೇಡಿಯನ್ (ಕೋನದ ಪುಟ್ಟ ಅಳತೆ, ಸುಮಾರು 0.057 ಡಿಗ್ರಿ) ಓರೆಗೆ 5ರದರಲ್ಲಿ 5 ಮೈಕ್ರಾನ್, 15ರದರಲ್ಲಿ 15. ಹಾಗಾಗಿ 15ರದು ಜಾಸ್ತಿ ಸೂಕ್ಷ್ಮ, ನಿಜ. ಆದರೆ ನಿಮ್ಮ ಲೆನ್ಸುಗಳ ಅಂತರ 150 ಮೈಕ್ರಾನ್ ಅಂದಿದ್ದೀರಿ. ಚುಕ್ಕೆ 75 ದಾಟಿದರೆ ಪಕ್ಕದ ಮನೆಯ ಅಂಗಳಕ್ಕೆ ಕಾಲಿಟ್ಟ ಹಾಗೆ. ಯಾವುದು ಯಾರದು ಎಂದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಮೇಲಾಗಿ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿ ದಾಟುವಾಗ ಬೆಳಕು ಹರಡಿಕೊಳ್ಳುವುದರಿಂದ) 15ರಲ್ಲಿ ಚುಕ್ಕೆಯೇ ಮೂರು ಪಟ್ಟು ಅಗಲ. ಕೆಂಪು ಹೀಲಿಯಂ-ನಿಯಾನ್ ಲೇಸರ್ ಹಾಕಿದರೆ, ಚೌಕ ಲೆನ್ಸಿನಲ್ಲಿ ಸುಮಾರು 127 ಮೈಕ್ರಾನ್. ಸರಿಯಲು ಜಾಗವೇ ಉಳಿಯುವುದಿಲ್ಲ, ಅಲ್ವಾ?

5 ಮೈಕ್ರಾನ್ ತೀರಾ ಕಡಿಮೆ ಎಂಬ ಚಿಂತೆ ಬೇಡ. ಚುಕ್ಕೆಯ ನಡುಬಿಂದುವನ್ನು ಸರಾಸರಿ ಲೆಕ್ಕದಿಂದ ಹಿಡಿದರೆ ಒಂದು ಪಿಕ್ಸೆಲ್‌ಗಿಂತ ಕಡಿಮೆ ಸರಿದದ್ದೂ ಸಿಗುತ್ತದೆ.

ಹಳೆಯ ಹಾರ್ಟ್‌ಮನ್ ವಿಧಾನದಲ್ಲಿ ಲೆನ್ಸೇ ಇರಲಿಲ್ಲ, ಬರೀ ತೂತಿನ ಹಲಗೆ. 1970ರ ಸುಮಾರಿಗೆ ರೋಲಂಡ್ ಶ್ಯಾಕ್ ತೂತಿನ ಜಾಗಕ್ಕೆ ಲೆನ್ಸ್ ತಂದರು. ಪೋಲಾಗುತ್ತಿದ್ದ ಬೆಳಕು ಉಳಿಯಿತು. ನನಗೆ ಬಹಳ ಇಷ್ಟವಾದ ಬದಲಾವಣೆ ಅದು.

ಅಳೆಯುವ ಮೊದಲು ಸಮತಟ್ಟಾದ ಅಲೆಯ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಚುಕ್ಕೆ ಎಷ್ಟು ಸರಿಯಿತು ಎನ್ನುವುದನ್ನು ಅದಕ್ಕೇ ಹೋಲಿಸಬೇಕು.